ಅವಳು ಮುಟ್ಟದ ಊರು

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ದಂತವೈದ್ಯರು ಕಳಿಸಿದ ಅಳತೆಗೆ ತಕ್ಕಂತೆ ಪಿಂಗಾಣಿ ಹಲ್ಲು ಮಾಡಿಕೊಡುವುದು ಅವಳ ಕೆಲಸ. ಮುಂದಿನ ಹಲ್ಲಾದರೆ ಅವಳದೇ ಕೈ ಆಗಬೇಕೆಂದು ಹಟ ಹಿಡಿಯುವ ಡಾಕ್ಟರುಗಳಿದ್ದರು. ದಿನವಿಡೀ ಕಂಡವರ ಹಲ್ಲು ಸರಿಮಾಡುವ ಈ ಹೆಂಗಸು ಮನೆಗೆ ಬಂದು ತನ್ನ ಹಲ್ಲು ಕಡಿಯುತ್ತಿದ್ದದ್ದು ಒಬ್ಬಳ ಮೇಲೆ ಮಾತ್ರ. ಗಂಡನಾಗಿದ್ದವನ ಈಗಿನ ಹೆಂಡತಿಯ ಮೇಲೆ.

ಗಂಡ ಬಿಟ್ಟುಹೋಗಿ ವರ್ಷಗಳಾಗಿದ್ದವು. ಅವನ ಮೇಲಿನ ಸಿಟ್ಟು ಎಂದೋ ಆರಿಹೋಗಿತ್ತು. ದಾರಿಯಲ್ಲಿ ಎದುರಾದರೆ ‘ಚೆನ್ನಾಗಿದೀರಾ’ ಎಂದು ಕೇಳಿ ಮುಂದೆ ಹೋಗುವಷ್ಟು ಸಮಾಧಾನ ಬಂದಿತ್ತು. ಆದರೆ ಮಗಳು ಪುಟ್ಟಿ ಭಾನುವಾರಗಳಲ್ಲಿ ಆ ಮನೆಗೆ ಹೋಗಿ ಬರುವಳಲ್ಲ, ಬಂದವಳ ಬಾಯಲ್ಲಿ ‘ಆಂಟಿ ಹೀಗಂದ್ರು, ಆಂಟಿ ಹಾಗೆ ಮಾಡಿದ್ರು’ ಎಂಬ ಮಾತು ಬಂತೆಂದರೆ ಹಲ್ಲಕ್ಕನ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತಾಗುತ್ತಿತ್ತು. ಆ ಆಂಟಿ ಜೂನ್ ತಿಂಗಳಲ್ಲಿ ರಜ ಕೊಡುವ ಇಂಟರ್‌ನ್ಯಾಷನಲ್ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದಳು. ರಜ ಬಂತೆಂದರೆ ಸೈಕಲ್ ಹತ್ತಿ ದೇಶ ಸುತ್ತುತ್ತಿದ್ದಳು. ಹಲ್ಲಕ್ಕ ಮನಸ್ಸಿನಲ್ಲೇ ಅವಳಿಗೆ ಸೈಕಲ್ ರಾಣಿ ಎಂದು ಹೆಸರಿಟ್ಟಿದ್ದಳು. ಅವಳನ್ನು ನೋಡಿದ್ದು ಒಮ್ಮೆ ಮಾತ್ರ, ಪುಟ್ಟಿ ಪದವಿ ತೆಗೆದುಕೊಂಡ ದಿನ ಸಭಾಂಗಣದಲ್ಲಿ. ಮುಂದಿನ ಸಾಲಿನಲ್ಲಿ ಕೂತು, ಹೆತ್ತವಳಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದಳು. ಮುಖ ಸರಿಯಾಗಿ ಕಾಣದಿದ್ದರೂ ಆ ಚಪ್ಪಾಳೆ ಹಲ್ಲಕ್ಕನಿಗೆ ಮರೆತಿರಲಿಲ್ಲ.

ಒಂದು ಸಂಜೆ ಹಲ್ಲಕ್ಕ ಅಡುಗೆಮನೆಯಲ್ಲಿ ಬೀನ್ಸ್ ಕತ್ತರಿಸುತ್ತಿದ್ದಾಗ ಪುಟ್ಟಿ ಬಂದು ಬಾಗಿಲಿಗೆ ಒರಗಿ ನಿಂತಳು.

“ಅಮ್ಮಾ, ಒಂದು ವಿಷ್ಯ. ಬೈಕೋಬಾರ್ದು.”

“ಬೈಯೋ ಅಂಥದ್ದಾದ್ರೆ ಬೈತೀನಿ. ಹೇಳು.”

“ಅಪ್ಪ, ಆಂಟಿ ಜೂನ್‌ನಲ್ಲಿ ಯೂರೋಪಿಗೆ ಹೊರಟಿದ್ದಾರೆ. ಡ್ಯಾನ್ಯೂಬ್ ನದಿ ಪಕ್ಕದಲ್ಲೇ ಸೈಕಲ್ ದಾರಿ ಇದೆಯಂತೆ. ಪಸ್ಸೌ ಅನ್ನೋ ಊರಿಂದ ವಿಯೆನ್ನಾವರೆಗೂ ತುಳ್ಕೊಂಡು ಹೋಗೋದು. ನನ್ನೂ ಬಾ ಅಂದಿದ್ದಾರೆ.”

ಚಾಕು ನಿಂತಿತು. “ಹೋಗು ಮತ್ತೆ. ನನ್ನನ್ನೇನು ಕೇಳೋದು? ನಾನೇನು ನಿನ್ನ ಸೈಕಲ್ ಚಕ್ರ ಹಿಡ್ಕೊಂಡಿದ್ದೀನಾ?”

“ಪೂರ್ತಿ ಕೇಳಮ್ಮ ಮೊದಲು. ನನಗೆ ಇನ್ನೂ ರಜ ಮಿಕ್ಕಿದೆ. ಅದಕ್ಕೇ ಸೈಕಲ್ ಶುರುವಾಗೋಕ್ಕೆ ಮುಂಚೆ ನಾಲ್ಕು ದಿನ ನೀನು, ನಾನು ಇಬ್ಬರೇ. ಅಲ್ಲೇ ಹತ್ತಿರದಲ್ಲಿ ಒಂದು ಊರು ನೋಡೋಣ. ಯಾವ ಊರು ಅಂತ ನೀನೇ ಹೇಳು. ಆಮೇಲೆ ನೀನು ವಾಪಸ್ ಬಂದುಬಿಡು, ನಾನು ಅವರ ಜೊತೆ ಹೋಗ್ತೀನಿ.”

ಮಗಳು ಕರೆದಳೆಂಬ ಖುಷಿ ಎದೆಗೆ ತಲುಪುವಷ್ಟರಲ್ಲಿ ‘ನೀನು ವಾಪಸ್ ಬಂದುಬಿಡು’ ಎಂಬುದು ಅದನ್ನು ಅರ್ಧದಲ್ಲೇ ತಡೆಯಿತು. ಹಲ್ಲಕ್ಕನಿಗೆ ಸೈಕಲ್ ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಒಂದು ಖಾಲಿ ಮೈದಾನದಲ್ಲಿ ಸೀಟು ಹಿಡಿದು ಕಲಿಸಲು ಹೋಗಿ, ಹೇಳದೆ ಕೇಳದೆ ಕೈಬಿಟ್ಟಿದ್ದ. ಅವಳು ಬೇಲಿಗೆ ನುಗ್ಗಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಮತ್ತೆ ಅವಳು ಸೈಕಲ್ ಮುಟ್ಟಲಿಲ್ಲ. ಈಗ ಮಂಡಿಯೂ ಕೈಕೊಟ್ಟಿತ್ತು. ಆಸ್ಪತ್ರೆಯಲ್ಲಿ ಜನರ ಮಂಡಿ, ಬೆನ್ನು ಸರಿಮಾಡುವ ಕೆಲಸದಲ್ಲಿದ್ದ ಪುಟ್ಟಿಯೇ ದಿನಾ ಬೆಳಿಗ್ಗೆ ಅಮ್ಮನಿಂದ ವ್ಯಾಯಾಮ ಮಾಡಿಸುತ್ತಿದ್ದಳು.

“ಯೋಚನೆ ಮಾಡಿ ಹೇಳ್ತೀನಿ,” ಎಂದಳು ಹಲ್ಲಕ್ಕ, ಗತ್ತಿನಿಂದ.

ಯೋಚನೆ ಏನು, ಅದೇ ಧ್ಯಾನ. ಆ ನಾಲ್ಕು ದಿನ ಎಂಥದ್ದಾಗಿರಬೇಕೆಂದರೆ, ಆಮೇಲೆ ನದಿ ದಂಡೆಯಲ್ಲಿ ವಾರವಿಡೀ ತುಳಿದರೂ ಮಗಳಿಗೆ ಅಮ್ಮನ ಜೊತೆ ನೋಡಿದ ಊರೇ ಕಣ್ಣಮುಂದೆ ಕುಣಿಯಬೇಕು. ನದಿ ಸಪ್ಪೆ ಅನ್ನಿಸಬೇಕು. ಹಲ್ಲಕ್ಕ ಊಟದ ಬಿಡುವಿನಲ್ಲಿ ಫೋನಿನಲ್ಲಿ ಊರುಗಳ ಚಿತ್ರ ನೋಡತೊಡಗಿದಳು. ಪಕ್ಕದ ಮೇಜಿನಲ್ಲಿ ಹಲ್ಲಿನ ಸೆಟ್ಟುಗಳಿಗೆ ಹೊಳಪು ಕೊಡುತ್ತಿದ್ದ ಪಾಲಿಶ್ ಅಣ್ಣ ಇಣುಕಿ ನೋಡಿ, “ಏನು ಹಲ್ಲಕ್ಕ, ಅರಮನೆ ಕೊಂಡುಕೊಳ್ಳೋ ಅಂದಾಜಾ?” ಎಂದ.

“ಕೊಂಡ್ಕೊಂಡ್ರೆ ಪಾಲಿಶ್ ಮಾಡೋಕೆ ನಿಮ್ಮನ್ನೇ ಕರೀತೀನಿ. ಸುಮ್ನೆ ಕೆಲಸ ನೋಡಿ.”

ಮೊದಲು ಅವಳ ಮನಸ್ಸು ಹೋದದ್ದು ವಿಯೆನ್ನಾ ಕಡೆಗೆ. ಅಗಲವಾದ ಬೀದಿಗಳು, ಬಿಳಿ ಕಟ್ಟಡಗಳು, ಗಾಜಿನ ಕಿಟಕಿಯ ಕಾಫಿ ಅಂಗಡಿಗಳು. ಸಂಜೆ ಹೇಳಿದಾಗ ಪುಟ್ಟಿ, “ಅದು ಚೆನ್ನಾಗಿದೆ ಅಮ್ಮ, ಆದ್ರೆ ಕೊನೆಗೆ ನಾವು ಅಲ್ಲಿಗೇ ಬರ್ತೀವಲ್ಲ. ಅಪ್ಪ, ಆಂಟಿ ಮದುವೆ ಆದಮೇಲೆ ಹೋಗಿದ್ದೂ ಅಲ್ಲಿಗೇ,” ಎಂದಳು. ವಿಯೆನ್ನಾ ಅಲ್ಲಿಗೇ ಸತ್ತಿತು.

ಮಾರನೆಯ ದಿನ ಮ್ಯೂನಿಕ್. “ಅಲ್ಲಿ ಆಂಟಿ ಫ್ರೆಂಡ್ ಒಬ್ಬರಿದ್ದಾರೆ, ಬೇಕಿದ್ರೆ ಏರ್‌ಪೋರ್ಟಿಗೆ ಬರ್ತಾರೆ,” ಎಂದಳು ಪುಟ್ಟಿ, ದೊಡ್ಡ ಅನುಕೂಲವೊಂದನ್ನು ತಟ್ಟೆಯಲ್ಲಿಟ್ಟು ಕೊಡುವವಳಂತೆ. ಹಲ್ಲಕ್ಕ ಮೂಗು ಮುರಿದಳು. ಸೈಕಲ್ ರಾಣಿಯ ಗೆಳತಿ ಬಂದು ತನ್ನ ಪೆಟ್ಟಿಗೆ ಎತ್ತಿಕೊಳ್ಳುವುದನ್ನು ನೆನೆದೇ ಮೈ ಉರಿಯಿತು. ಸಾಲ್ಜ್‌ಬರ್ಗ್ ಅಂದರೆ, ಅಲ್ಲಿ ಮಳೆ ಜಾಸ್ತಿ, ಕೊಡೆ ಇಟ್ಕೊಳ್ಳಿ ಅಂತ ಆಂಟಿ ಹೇಳಿದ್ದಾರಂತೆ. ಬುಡಾಪೆಸ್ಟ್ ಅಂದರೆ, ಅಲ್ಲಿಂದ ಆಂಟಿ ತಂದ ಶಾಲು ಪುಟ್ಟಿಯ ಕೊರಳಲ್ಲೇ ಇತ್ತು.

“ಪ್ರಾಗ್ ಹೇಗೆ ಅಮ್ಮ?” ಎಂದು ಪುಟ್ಟಿಯೇ ಕೇಳಿದಳು. ದನಿ ಸ್ವಲ್ಪ ಬೇರೆಯಾಗಿತ್ತು, ಹಲ್ಲಕ್ಕ ಗಮನಿಸಲಿಲ್ಲ. “ಹಳೇ ಊರು. ಸೇತುವೆ ತುಂಬಾ ವಿಗ್ರಹಗಳು. ಬೆಟ್ಟದ ಮೇಲೆ ಕೋಟೆ. ಆಂಟೀನೂ ಹೇಳಿದ್ರು, ಅಮ್ಮನ್ನ ಕರ್ಕೊಂಡು ಹೋಗೋಕೆ ಪ್ರಾಗ್‌ನಷ್ಟು ಒಳ್ಳೇ ಊರು ಇನ್ನೊಂದಿಲ್ಲ ಅಂತ.”

ಹಲ್ಲಕ್ಕ ತಟ್ಟೆಯನ್ನು ಸಿಂಕಿನಲ್ಲಿ ಕುಕ್ಕಿದಳು. ತಾನೂ ಮಗಳೂ ಕಳೆಯುವ ನಾಲ್ಕೇ ದಿನ, ಅದನ್ನೂ ಆ ಮಹರಾಯಿತಿಯೇ ನಿರ್ಧಾರ ಮಾಡಬೇಕೇ? ಭೂಪಟ ತೆಗೆಸಿ, ಪಸ್ಸೌದ ಪಕ್ಕದಲ್ಲಿ ಬೆರಳಿಟ್ಟು, ನದಿಯ ಗುಂಟ ಮೇಲಕ್ಕೆ ಸರಿಸಿದಳು. “ಇದ್ಯಾವುದು?”

“ರೇಗನ್ಸ್‌ಬರ್ಗ್.”

“ನಿಮ್ಮ ಆಂಟಿ ಇಲ್ಲಿಗೆ ಹೋಗಿದ್ದಾರಾ?”

“ಇಲ್ಲ ಅನ್ಸತ್ತೆ. ಯಾಕೆ?”

“ಇದೇ ಇರಲಿ.”

“ಅಲ್ಲೇನಿದೆ ಅಮ್ಮ?”

“ಹೋದಮೇಲೆ ಗೊತ್ತಾಗತ್ತೆ.”

ಪುಟ್ಟಿಯ ಮುಖ ಸಣ್ಣದಾಯಿತು. “ಸರಿ, ನಿನ್ನಿಷ್ಟ,” ಎಂದು ಎದ್ದುಹೋಗಿ ಹೋಟೆಲ್ ಕೋಣೆ ಕಾದಿರಿಸಿದಳು. ಹಲ್ಲಕ್ಕನಿಗೆ ಯುದ್ಧ ಗೆದ್ದಷ್ಟು ಸಂತೋಷ. ಆ ಊರು ಸುಂದರವೋ ಅಲ್ಲವೋ ಎಂದು ಒಂದು ಚಿತ್ರವನ್ನೂ ಅವಳು ನೋಡಿರಲಿಲ್ಲ.

ಹೊರಡಲು ಕೆಲವೇ ವಾರಗಳಿದ್ದಾಗ ಡಾಕ್ಟರೊಬ್ಬರು ಲ್ಯಾಬಿಗೆ ಫೋನ್ ಮಾಡಿದರು. “ಒಬ್ಬ ಪೇಷಂಟ್ ಸೈಕಲ್ಲಿಂದ ಬಿದ್ದು ಮುಂದಿನ ಹಲ್ಲು ಮುರ್ಕೊಂಡಿದ್ದಾರೆ. ಫಾರಿನ್ನಿಗೆ ಹೊರಟಿದ್ದಾರಂತೆ, ಅರ್ಜೆಂಟು. ಬಣ್ಣ ನೀವೇ ಎದುರಿಗೆ ನೋಡಿಬಿಡಿ, ಕಳಿಸ್ತೀನಿ.”

ಬಂದವಳು ಗಲ್ಲಕ್ಕೆ ಬ್ಯಾಂಡೇಜು ಹಚ್ಚಿಕೊಂಡಿದ್ದಳು. ಬಾಯಿಗೆ ಕರವಸ್ತ್ರ ಅಡ್ಡ. ಹಲ್ಲಕ್ಕನನ್ನು ಕಂಡು ಹೊಸ್ತಿಲಲ್ಲೇ ನಿಂತಳು.

“ನಾನು ಯಾರು ಅಂತ...” ಎಂದು ಶುರುಮಾಡಿದಳು.

“ಗೊತ್ತಾಯ್ತು,” ಎಂದಳು ಹಲ್ಲಕ್ಕ. ಸೈಕಲ್ ಎಂಬ ಮಾತು ಕಿವಿಗೆ ಬಿದ್ದಾಗಲೇ ಅವಳಿಗೆ ಅನುಮಾನ ಬಂದಿತ್ತು. “ಕಿಟಕಿ ಹತ್ರ ಕೂತ್ಕೊಳ್ಳಿ. ಬೆಳಕು ಬೇಕು.”

ತುಟಿಗಳನ್ನು ಎರಡೂ ಬದಿಗೆ ಎಳೆದು ಹಿಡಿಯುವ ಪ್ಲಾಸ್ಟಿಕ್ ಕೊಂಡಿಯನ್ನು ಅವಳ ಬಾಯಿಗೆ ಸಿಕ್ಕಿಸಿದಳು. ಅದನ್ನು ಹಾಕಿಕೊಂಡವರು ಯಾರೂ ಚಂದ ಕಾಣುವುದಿಲ್ಲ. ಸೈಕಲ್ ರಾಣಿಯೂ ಕಾಣಲಿಲ್ಲ. ಆದರೆ ಅವಳ ಹಲ್ಲುಗಳು ಚಂದವಿದ್ದವು. ಸಮನಾದ ಸಾಲು, ಹಾಲಿಗೆ ಒಂದು ಹನಿ ಜೇನು ಬೆರೆಸಿದ ಬಣ್ಣ. ಇವಳಿಗೆ ದೇವರು ಕೊಡದೆ ಬಿಟ್ಟದ್ದಾದರೂ ಏನು ಎನ್ನಿಸಿತು ಹಲ್ಲಕ್ಕನಿಗೆ. ಬಣ್ಣದ ಮಾದರಿ ಹಲ್ಲುಗಳನ್ನು ಒಂದೊಂದಾಗಿ ಮುರಿದ ಹಲ್ಲಿನ ಪಕ್ಕ ಹಿಡಿದು ನೋಡುತ್ತ, ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಬಿಟ್ಟಳು.

“ಪ್ರಾಗ್‌ಗೆ ಹೋಗಿ ಅಂತ ನೀವೇ ಹೇಳಿದ್ರಂತೆ.”

“ಊಂ... ಊಂಹೂಂ...”

“ತಲೆ ಅಲ್ಲಾಡಿಸಬೇಡಿ. ನಾವಿಬ್ಬರೂ ಎಲ್ಲಿಗೆ ಹೋಗಬೇಕು ಅಂತ ನಾವೇ ನೋಡ್ಕೋತೀವಿ. ನದಿ ನಿಮಗೆ ಬಿಟ್ಟಿದ್ದೀನಲ್ಲ, ಸಾಲದಾ?”

“ಊಂಹೂಂ, ಊ...”

“ಅಲ್ಲಾಡಿಸಬೇಡಿ ಅಂದೆ. ಬಣ್ಣ ತಪ್ಪಿದ್ರೆ ನನ್ನ ಮೇಲೆ ಬರತ್ತೆ.”

ಬಣ್ಣ ಎಂದೋ ಸಿಕ್ಕಿತ್ತು. ಆದರೂ ಹಲ್ಲಕ್ಕ ಕೊಂಡಿ ತೆಗೆಯಲಿಲ್ಲ. ಆ ‘ಊಂಹೂಂ’ ಮಾತಾಗಿ ಹೊರಬರುವುದು ಅವಳಿಗೆ ಬೇಡವಾಗಿತ್ತು. ಕೊನೆಗೆ ತೆಗೆದದ್ದು ಪಾಲಿಶ್ ಅಣ್ಣ ಯಾವುದೋ ಹಲ್ಲಿನ ಅಚ್ಚು ಕೇಳಿಕೊಂಡು ಹತ್ತಿರ ಬಂದಾಗಲೇ. ಮೂರನೆಯವರ ಎದುರು ಏನು ಹೇಳುವುದೆಂದು ಸೈಕಲ್ ರಾಣಿ ಕೆನ್ನೆ ತಿಕ್ಕಿಕೊಳ್ಳುತ್ತ ಎದ್ದಳು. “ತುಂಬಾ ಥ್ಯಾಂಕ್ಸ್,” ಎಂದಷ್ಟೇ ಹೇಳಿ ಹೋದಳು.

ಮಾರನೆಯ ದಿನ ಹಲ್ಲಕ್ಕ ಪಿಂಗಾಣಿ ಪುಡಿ ಕಲಸಲು ಕೂತಳು. ಕುಂಚದ ತುದಿಯಲ್ಲಿ ಪದರದ ಮೇಲೆ ಪದರ ಕೂಡಿಸುವ ಕೆಲಸ. ಬೂದು ಬಣ್ಣದ ಡಬ್ಬಿಯ ಮುಚ್ಚಳ ತೆರೆದದ್ದು ಅವಳೇ, ಬೇಕೆಂದೇ. ಒಂದು ಚಿಟಿಕೆ. ಲ್ಯಾಬಿನ ದೀಪದಲ್ಲಿ ಯಾರಿಗೂ ತಿಳಿಯದು. ಬಿಸಿಲಿಗೆ ಬಂದರೆ ಮಾತ್ರ ಆ ಒಂದು ಹಲ್ಲು ಸತ್ತಂತೆ ಕಾಣುತ್ತದೆ. ನದಿ ದಂಡೆಯಲ್ಲಿ ಬಿಸಿಲಿಗೇನು ಬರ? ಪುಟ್ಟಿ ತೆಗೆಯುವ ಪ್ರತಿ ಫೋಟೋದಲ್ಲೂ ಅದು ಕಾಣಲಿ. ಕುಲುಮೆಯಿಂದ ಹೊರಬಂದ ಹಲ್ಲನ್ನು ಅವಳು ಕಿಟಕಿಯ ಹತ್ತಿರ ಒಯ್ದು ನೋಡಲಿಲ್ಲ. ಡಬ್ಬಿಗೆ ಹಾಕಿ ಕಳಿಸಿಬಿಟ್ಟಳು.

ಆ ದಿನವೆಲ್ಲ ಊಟ ರುಚಿಸಲಿಲ್ಲ. ಇಷ್ಟು ವರ್ಷದಲ್ಲಿ ತಪ್ಪಾಗಿ ಕೆಟ್ಟ ಹಲ್ಲುಗಳಿದ್ದವು. ಬೇಕೆಂದು ಕೆಡಿಸಿದ್ದು ಇದೊಂದೇ.

ಎರಡು ದಿನ ಬಿಟ್ಟು ಡಾಕ್ಟರು ಫೋನ್ ಮಾಡಿದರು. “ಹಲ್ಲಕ್ಕ, ನಿಮ್ಮ ಕೈಯಲ್ಲಿ ಹೀಗಾಗಲ್ವಲ್ಲ? ಕಿಟಕಿ ಹತ್ರ ಒಂಚೂರು ಮಂಕಾಗಿ ಕಾಣಿಸ್ತು. ವಾಪಸ್ ಕಳಿಸೋಣ ಅಂದ್ರೆ ಪೇಷಂಟೇ ಒಪ್ಪಲಿಲ್ಲ. ಇದೇ ಸಾಕು, ಲ್ಯಾಬಿನವರಿಗೆ ಮತ್ತೆ ತೊಂದರೆ ಬೇಡ ಅಂದ್ರು. ಸದ್ಯಕ್ಕೆ ತೆಗೆಯೋಕೆ ಬರೋ ಅಂಟಿನಲ್ಲಿ ಕೂರಿಸಿದ್ದೀನಿ.”

ಹಲ್ಲಕ್ಕ ಫೋನ್ ಕೆಳಗಿಟ್ಟಳು. ಸೈಕಲ್ ರಾಣಿ ಬೈದಿದ್ದರೆ, ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕನ್ನಡಿ ನೋಡಿಕೊಂಡಿರುತ್ತಾಳೆ, ಗೊತ್ತಾಗಿರುತ್ತದೆ, ಆದರೂ ಬಾಯಿ ಮುಚ್ಚಿಕೊಂಡಿದ್ದಾಳೆ. ಒಳ್ಳೆಯವಳಾಗುವುದರಲ್ಲೂ ಅವಳದೇ ಮೇಲುಗೈ! ಮಗಳ ಮುಂದೆ ಆ ಮಂಕು ಹಲ್ಲು ಬಿಟ್ಟುಕೊಂಡು, ‘ನಿಮ್ಮಮ್ಮ ಮಾಡಿಕೊಟ್ಟದ್ದು’ ಎಂದು ನಗುತ್ತಾಳೆ. ಹಲ್ಲಕ್ಕನಿಗೆ ತಡೆಯಲಾಗಲಿಲ್ಲ. ಡಾಕ್ಟರಿಗೆ ತಿರುಗಿ ಫೋನ್ ಮಾಡಿದಳು.

“ತೆಗೆದು ಕಳಿಸಿ ಡಾಕ್ಟ್ರೇ. ಅವರನ್ನೂ ಕಳಿಸಿ. ನನ್ನ ಕೈಯಿಂದ ಹೋದ ಹಲ್ಲು ಹಾಗಿರಬಾರದು.”

ಸೈಕಲ್ ರಾಣಿ ಶಾಲೆ ಮುಗಿಸಿ ಬಂದಳು. ಬೆರಳಲ್ಲಿ ಸೀಮೆಸುಣ್ಣದ ಪುಡಿ ಇತ್ತು. ಹಲ್ಲಕ್ಕ ಕಿಟಕಿಯ ಪಕ್ಕ ಕುರ್ಚಿ ಹಾಕಿದಳು. ಈ ಸಲ ಕೊಂಡಿಯನ್ನು ಕೈಗೆತ್ತಿಕೊಳ್ಳಲಿಲ್ಲ.

“ತಪ್ಪು ನಂದೇ,” ಎಂದಳು. “ಬೂದು ಬಣ್ಣ ಜಾಸ್ತಿ ಆಯ್ತು.” ಹೇಗೆ ಜಾಸ್ತಿಯಾಯಿತು ಎಂದು ಹೇಳಲು ಬಾಯಿ ಬರಲಿಲ್ಲ. ಎದುರಿನವಳು ಕೇಳಲೂ ಇಲ್ಲ. ಒಂದು ಕ್ಷಣ ಹಲ್ಲಕ್ಕನ ಮುಖ ನೋಡಿ, ಆಮೇಲೆ ಕಿಟಕಿಯಾಚೆ ನೋಡಿದಳು. ಅವಳಿಗೆ ಎಲ್ಲ ತಿಳಿಯಿತೆಂದು ಹಲ್ಲಕ್ಕನಿಗೂ ತಿಳಿಯಿತು.

“ಅವತ್ತು ಊಂಹೂಂ ಅಂದ್ರಲ್ಲ, ಏನದು?” ಎಂದು ಕೇಳಿದಳು.

“ಪ್ರಾಗ್ ನಾನು ಹೇಳಿದ್ದಲ್ಲ. ಪುಟ್ಟಿಗೇ ಬೇಕಿದ್ದದ್ದು. ಕಾಲೇಜಲ್ಲಿದ್ದಾಗಿಂದ ಅದೇ ಜಪ ಅವಳಿಗೆ. ಅಮ್ಮಂಗೆ ಮಂಡಿ ನೋವು, ಅಲ್ಲಿ ಎಲ್ಲ ಕಲ್ಲು ಹಾಸಿದ ದಾರಿ, ಆಗತ್ತಾ ಅಂತ ನನ್ನ ಕೇಳಿದ್ಲು. ಟ್ರಾಮ್ ಇದೆ, ಕರ್ಕೊಂಡು ಹೋಗು ಅಂದೆ. ನನ್ನ ಹೆಸರು ಮಾತ್ರ ಎತ್ತಬೇಡ ಮಾರಾಯ್ತಿ ಅಂತಲೂ ಅಂದೆ.” ಅವಳು ನಿಟ್ಟುಸಿರಿಟ್ಟಳು. “ಎತ್ತಿದಾಳೆ ಅಂತ ನೀವು ಹೇಳಿದಾಗಲೇ ಗೊತ್ತಾಗಿದ್ದು. ಆ ಹುಡುಗಿಗೆ ಬುದ್ಧಿ ಇದೆ, ಬಾಯಿಗೆ ಬೀಗ ಇಲ್ಲ.”

ಹಲ್ಲಕ್ಕನಿಗೆ ನಗು ಬಂತು. ತಡೆದುಕೊಂಡಳು. ಮಗಳ ಆಸೆ ತನಗಿಂತ ಮೊದಲು ಈ ಹೆಂಗಸಿಗೆ ಗೊತ್ತಿತ್ತಲ್ಲ ಎಂಬುದು ಅದರ ಹಿಂದೆಯೇ ಬಂದು ಕುಟುಕಿತು. “ಬಾಯಿ ತೆಗೀರಿ,” ಎಂದಳು ಸ್ವಲ್ಪ ಒರಟಾಗಿಯೇ. ಪಕ್ಕದ ಹಲ್ಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆಯೊಂದಿತ್ತು. ಮೊದಲ ಸಲ ಅದನ್ನು ನೋಡಿಯೂ ನೋಡದಂತಿದ್ದಳು. ಈಗ ಭೂತಗನ್ನಡಿ ಹಿಡಿದು ನೋಡಿಕೊಂಡಳು. ಹೊಸ ಹಲ್ಲನ್ನು ಮಾಡಿ ಮುಗಿಸಿದಾಗ ಯಾವುದು ಹುಟ್ಟಿದ್ದು, ಯಾವುದು ಕಟ್ಟಿದ್ದು ಎಂದು ಪಾಲಿಶ್ ಅಣ್ಣನಿಗೂ ಹೇಳಲಾಗಲಿಲ್ಲ.

ಮನೆಗೆ ಬಂದಾಗ ಪುಟ್ಟಿ ಒಗೆದ ಬಟ್ಟೆ ಮಡಚುತ್ತಿದ್ದಳು.

“ಆ ಹೋಟೆಲ್ ಬೇಡ ಅಂತ ಹೇಳ್ಬಿಡು. ಪ್ರಾಗ್‌ಗೆ ಹೋಗೋಣ.”

“ಯಾಕೆ ಇದ್ದಕ್ಕಿದ್ದ ಹಾಗೆ?”

“ನಿನಗೆ ಬೇಕಿತ್ತಂತಲ್ಲ. ನೇರವಾಗಿ ನನಗೇ ಹೇಳೋಕೆ ಏನಾಗಿತ್ತು ನಿನಗೆ? ಊರಿಗೆಲ್ಲ ಗೊತ್ತು, ಹೆತ್ತವಳಿಗೆ ಮಾತ್ರ ಗೊತ್ತಿಲ್ಲ!”

ಪುಟ್ಟಿಗೆ ಯಾರು ಹೇಳಿದ್ದೆಂದು ಕೇಳಬೇಕಾಗಲಿಲ್ಲ. ಕೈಯಲ್ಲಿದ್ದ ಟವೆಲನ್ನು ಮಂಚದ ಮೇಲೆಸೆದಳು. ಎಂದೂ ದನಿ ಏರಿಸದ ಹುಡುಗಿ.

“ನೇರವಾಗಿ ಹೇಳಿದ್ರೆ ನೀನು ನನಗೋಸ್ಕರ ಹೂಂ ಅಂತಿದ್ದೆ. ಮಂಡಿ ನೋವು ನುಂಗ್ಕೊಂಡು ಬರ್ತಿದ್ದೆ. ಎಲ್ಲ ಊರು ನೋಡಿದವರು ಹೇಳಿದ್ರು ಅಂದ್ರೆ ನೀನು ಧೈರ್ಯವಾಗಿ ಬರ್ತೀಯ ಅಂದ್ಕೊಂಡೆ, ಅದು ನನ್ನ ದಡ್ಡತನ. ಆದ್ರೆ ನೀನು ಮಾಡಿದ್ದೇನಮ್ಮ? ವಿಯೆನ್ನಾ ಬೇಡ, ಅವರು ಹೋಗಿದ್ರು. ಮ್ಯೂನಿಕ್ ಬೇಡ, ಅವರ ಫ್ರೆಂಡ್ ಇದ್ದಾರೆ. ಅವರು ಮುಟ್ಟಿದ್ದನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕ್ತಾ ಹೋದ್ರೆ...” ದನಿ ಒಡೆಯಿತು. “ನನಗೆ ಟೈಫಾಯ್ಡ್ ಆದಾಗ ಅಪ್ಪನ ಮನೆಯಲ್ಲಿದ್ದೆ. ರಾತ್ರಿಯೆಲ್ಲ ಹಣೆಗೆ ಬಟ್ಟೆ ಹಾಕಿದ್ದು ಅವರು. ಅವರು ನನ್ನೂ ಮುಟ್ಟಿದಾರಮ್ಮ. ನನ್ನೂ ಹೊಡೆದುಹಾಕ್ತೀಯಾ?”

ಹಲ್ಲಕ್ಕ ಮಂಚದ ಅಂಚಿಗೆ ಕೂತುಬಿಟ್ಟಳು. ಟೈಫಾಯ್ಡಿನ ಸಮಯದಲ್ಲಿ ಅವಳು ಕಾಯಿಲೆ ಬಿದ್ದ ತನ್ನ ತಾಯಿಯ ಜೊತೆ ಆಸ್ಪತ್ರೆಯಲ್ಲಿದ್ದಳು, ಬರಲಾಗಿರಲಿಲ್ಲ. ಮಗಳ ಹಣೆಗೆ ಬಟ್ಟೆ ಹಾಕಿದ ಕೈ ಯಾರದೆಂದು ಅವಳು ಕೇಳಿರಲಿಲ್ಲ. ಯಾಕೆ ಕೇಳಲಿಲ್ಲವೆಂಬುದೂ ಅವಳಿಗೆ ಗೊತ್ತಿತ್ತು.

“ಹೊಡೆದುಹಾಕೋ ಮಾತೆಲ್ಲ ಆಡಬೇಡ,” ಎಂದಳು. “ನನಗೆ ಹೊಟ್ಟೆಕಿಚ್ಚು ಕಣೇ. ಏನು ಮಾಡಲಿ? ಹೋಗು ಅಂದ್ರೆ ಹೋಗಲ್ಲ.”

ಪುಟ್ಟಿ ಬಂದು ಪಕ್ಕದಲ್ಲಿ ಕೂತಳು. ಟವೆಲನ್ನು ಎತ್ತಿಕೊಂಡು ಮತ್ತೆ ಮಡಚತೊಡಗಿದಳು. ಒಂದು ತುದಿಯನ್ನು ಹಲ್ಲಕ್ಕ ಹಿಡಿದುಕೊಂಡಳು.

ಜೂನ್‌ನಲ್ಲಿ ಅವರು ಪ್ರಾಗ್‌ಗೆ ಹೋದರು. ಕಲ್ಲು ಹಾಸಿದ ದಾರಿ ಮಂಡಿಗೆ ಕಷ್ಟವೇ ಆಯಿತು. ಟ್ರಾಮಿನಲ್ಲಿ ಬೆಟ್ಟ ಹತ್ತಿದರು, ಇಳಿಯುವಾಗ ಹಲ್ಲಕ್ಕ ಪುಟ್ಟಿಯ ತೋಳು ಹಿಡಿದು ನಿಧಾನವಾಗಿ ಇಳಿದಳು. ಹಳೆಯ ಗಡಿಯಾರದ ಕೆಳಗೆ ಜನರ ಗುಂಪಿನಲ್ಲಿ ನಿಂತು, ಗಂಟೆ ಹೊಡೆಯುವಾಗ ಸಣ್ಣ ಕಿಟಕಿಗಳಲ್ಲಿ ಗೊಂಬೆಗಳು ಸರಿದುಹೋಗುವುದನ್ನು ನೋಡಿ, “ಇಷ್ಟೇನಾ?” ಎಂದು ಇಬ್ಬರೂ ಒಟ್ಟಿಗೇ ಅಂದು ನಕ್ಕರು. ಸೇತುವೆಯ ಮೇಲೆ ಪುಟ್ಟಿ ಒಂದೊಂದು ವಿಗ್ರಹದ ಮುಂದೆಯೂ ನಿಂತಳು. ಅವಳ ಕಣ್ಣಲ್ಲಿ ಅಷ್ಟು ಬೆಳಕನ್ನು ಹಲ್ಲಕ್ಕ ನೋಡಿದ್ದು ಅವಳು ಚಿಕ್ಕವಳಿದ್ದಾಗ ಮಾತ್ರ. ಇದನ್ನು ತಾನು ಕೈಯಾರೆ ತಪ್ಪಿಸಲಿದ್ದೆನಲ್ಲ ಎಂದು ಹಲ್ಲಕ್ಕ ತನ್ನನ್ನೇ ಬೈದುಕೊಂಡಳು. ಹಾಗಿದ್ದೂ ಪುಟ್ಟಿಯ ಫೋನು ಗುಂಯ್‌ಗುಟ್ಟಿದಾಗಲೆಲ್ಲ ಯಾರದೆಂದು ಓರೆಗಣ್ಣಿನಲ್ಲಿ ನೋಡುವುದು ಬಿಡಲಿಲ್ಲ. ಆಂಟಿಗೆ ಫೋಟೋ ಕಳಿಸುತ್ತೇನೆಂದಾಗ, “ಇದರಲ್ಲಿ ನನ್ನ ಹೊಟ್ಟೆ ಕಾಣತ್ತೆ, ಇನ್ನೊಂದು ತೆಗಿ,” ಎಂದು ಮಗಳ ಕೈ ಸೋಲುವ ತನಕ ತೆಗೆಸಿದಳು.

ಕೊನೆಯ ದಿನ ಬೆಳಿಗ್ಗೆ ಪುಟ್ಟಿಯನ್ನು ಪಸ್ಸೌ ಕಡೆಯ ರೈಲು ಹತ್ತಿಸಿದಳು. ರೈಲು ತಿರುವಿನಲ್ಲಿ ಮರೆಯಾದಾಗ, ಇನ್ನೊಂದು ತುದಿಯ ಪ್ಲಾಟ್‌ಫಾರ್ಮಿನಲ್ಲಿ ಮಗಳಿಗಾಗಿ ಕೈಬೀಸುವವರು ಯಾರೆಂದು ನೆನೆದು ಮತ್ತೆ ಅದೇ ಉರಿ ಎದ್ದಿತು. ಅದನ್ನು ಹೊತ್ತುಕೊಂಡೇ ವಿಮಾನ ಹತ್ತಿದಳು.

ಹತ್ತು ಹನ್ನೆರಡು ದಿನದ ಮೇಲೆ ಪುಟ್ಟಿ ಬಂದಳು, ಬಿಸಿಲಿಗೆ ಮೂಗು ಸುಲಿದುಕೊಂಡು. ಊಟದ ಮೇಜಿನಲ್ಲಿ ಹಲ್ಲಕ್ಕನೇ ಬಡಿಸಿದಳು. ಪುಟ್ಟಿ ಒಂದೆರಡು ತುತ್ತು ತಿಂದು, ಅಮ್ಮನ ಮುಖ ನೋಡಿ, ಪ್ರಾಗ್‌ನ ಮಾತನ್ನೇ ಎತ್ತಿದಳು. ಬೇಕೆಂದೇ ನದಿಯ ಮಾತನ್ನು ತಪ್ಪಿಸುತ್ತಿದ್ದಾಳೆಂದು ಹಲ್ಲಕ್ಕನಿಗೆ ಅರ್ಥವಾಯಿತು.

“ಅದು ನಾನೂ ನೋಡಿದ್ದೀನಲ್ಲ,” ಎಂದಳು. “ನೀವು ತುಳಿದಿದ್ದು ಹೇಳು.”

ಪುಟ್ಟಿ ಅಳುಕುತ್ತಲೇ ಶುರುಮಾಡಿದಳು. ದಾರಿಯಲ್ಲಿ ಮಳೆ ಬಂದದ್ದು, ದೋಣಿಯಲ್ಲಿ ಸೈಕಲ್ ಹಾಕಿಕೊಂಡು ನದಿ ದಾಟಿದ್ದು, ಅಪ್ಪ ದಾರಿ ತಪ್ಪಿ ಯಾರದೋ ದ್ರಾಕ್ಷಿ ತೋಟಕ್ಕೆ ನುಗ್ಗಿದ್ದು. ಹೇಳುತ್ತ ಹೇಳುತ್ತ ಅಳುಕು ಮರೆತುಹೋಯಿತು. ಕೈ ಊಟ ಮರೆಯಿತು. “ಆಂಟಿಯಂತೂ...” ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು.

ಹಲ್ಲಕ್ಕನ ಹೊಟ್ಟೆಯಲ್ಲಿ ಒಲೆ ಹತ್ತಿಕೊಂಡಿತು, ಎಂದಿನಂತೆ. ಅವಳು ನೀರಿನ ಲೋಟ ಎತ್ತಿ ಒಂದು ಗುಟುಕು ಕುಡಿದಳು. ಮಗಳ ತಟ್ಟೆಗೆ ಇನ್ನೊಂದಿಷ್ಟು ಪಲ್ಯ ಬಡಿಸಿದಳು.

“ಆಂಟಿಯಂತೂ ಏನು? ಹೇಳು. ಆಮೇಲೇನಾಯ್ತು?”